ಮೀನಿಲ್ಲದಾಗಲೂ ನೀರು ಓಡುತ್ತಿರಲಿ

ಮಳೆಗಾಲ ಹಿಡಿಯುವ ಹೊತ್ತಿಗೆ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಫಿಶ್ ಟ್ಯಾಂಕ್ ಖಾಲಿಯಾಗುತ್ತದೆ. ಬೇಸಿಗೆ ರಜೆಯಲ್ಲಿ ಮಕ್ಕಳ ಹಟಕ್ಕೆ ತಂದ ಗಪ್ಪಿ, ಮೋಲಿ, ಗೋಲ್ಡ್ ಫಿಶ್‌ಗಳಲ್ಲಿ ಅರ್ಧ ಸತ್ತಿರುತ್ತವೆ. ಮಕ್ಕಳು ಮಂಗಳೂರು, ಮೂಡುಬಿದಿರೆಯ ಹಾಸ್ಟೆಲುಗಳಿಗೆ ಹೊರಟಿರುತ್ತಾರೆ. ಉಳಿದ ನಾಲ್ಕು ಮೀನನ್ನು ಯಾರಿಗೋ ಕೊಟ್ಟಾಗಿರುತ್ತದೆ. ಇನ್ನು ದಸರಾ ರಜೆಗೆ ನೋಡಿಕೊಂಡರಾಯಿತು ಎಂದು ಮನೆಯವರು ತೊಟ್ಟಿಯನ್ನು ಅಂಗಳಕ್ಕೆ ತಂದು, ಜಲ್ಲಿಗೆ ಬಿಸಿನೀರು ಹೊಯ್ದು, ಫಿಲ್ಟರಿನ ಸ್ಪಂಜಿಗೆ ಸೋಪು ಹಾಕಿ ಹಿಂಡಿ, ಬಿಸಿಲು ಕಂಡ ದಿನ ಒಣಗಿಸಿ ಅಟ್ಟಕ್ಕೆ ಏರಿಸುತ್ತಾರೆ. ಅಕ್ಟೋಬರಿನಲ್ಲಿ ಅದನ್ನೇ ಇಳಿಸಿ ಹೊಸ ನೀರು ತುಂಬಿ ಹೊಸ ಮೀನು ಬಿಟ್ಟರೆ ಮೊದಲ ಮೂರು ನಾಲ್ಕು ದಿನ ಎಲ್ಲ ಚೆಂದವಾಗಿಯೇ ಇರುತ್ತದೆ. ವಾರ ತುಂಬುವಷ್ಟರಲ್ಲಿ ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗುತ್ತವೆ. ಒಂದೊಂದಾಗಿ ಮಗುಚುತ್ತವೆ. ಆಮೇಲೆ ಕೇಳಿಬರುವ ಮಾತು ಒಂದೇ: "ನಮ್ಮ ಮನೆಗೆ ಮೀನು ಆಗಿಬರೋದಿಲ್ಲ."

ಮನೆಯದೇನೂ ತಪ್ಪಿಲ್ಲ, ನೀರಿನದೂ ಅಲ್ಲ. ಜೂನಿನಲ್ಲಿ ಅಂಗಳದಲ್ಲಿ ತೊಳೆದು ಚೆಲ್ಲಿದ್ದು ಏನು ಎಂಬುದರಲ್ಲಿ ಉತ್ತರವಿದೆ.

ಮೀನು ತಿಂದ ಆಹಾರದಲ್ಲಿರುವ ಪ್ರೋಟೀನಿನ ಸಾರಜನಕ ಕೊನೆಗೆ ಅಮೋನಿಯವಾಗಿ ಹೊರಬೀಳುತ್ತದೆ. ಅದರ ಹೆಚ್ಚಿನ ಪಾಲು ಮಲಮೂತ್ರದಲ್ಲಿ ಹೋಗುವುದಿಲ್ಲ, ಕಿವಿರಿನಿಂದಲೇ ನೇರವಾಗಿ ನೀರಿಗೆ ಸೇರುತ್ತದೆ. ಭದ್ರೆಯಲ್ಲೋ ಹೇಮಾವತಿಯಲ್ಲೋ ಇದು ಲೆಕ್ಕಕ್ಕೇ ಬರುವುದಿಲ್ಲ. ನೂರು ಲೀಟರಿನ ಗಾಜಿನ ಪೆಟ್ಟಿಗೆಯಲ್ಲಿ ಮಾತ್ರ ಮೀನು ತಾನು ಬಿಟ್ಟ ವಿಷದಲ್ಲಿ ತಾನೇ ಈಜಬೇಕು. ಹಳೆಯ ತೊಟ್ಟಿಯಲ್ಲಿ ಅದನ್ನು ಕಾಪಾಡುವುದು ಎರಡು ಬಗೆಯ ಬ್ಯಾಕ್ಟೀರಿಯ. ನೈಟ್ರೊಸೊಮೊನಾಸ್‌ನಂಥ ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ, ನೈಟ್ರೊಸ್ಪೈರಾದಂಥ ಇನ್ನೊಂದು ಗುಂಪು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನಡುವಿನ ನೈಟ್ರೈಟೂ ವಿಷವೇ. ಅದು ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಹೊರದಂತೆ ಮಾಡಿಬಿಡುತ್ತದೆ. ಹಾಗೆ ಸತ್ತ ಮೀನಿನ ಕಿವಿರು ಎತ್ತಿ ನೋಡಿದರೆ ಕೆಂಪಿನ ಬದಲು ಕಂದು ಬಣ್ಣ ಕಾಣುತ್ತದೆ. ಕೊನೆಯ ನೈಟ್ರೇಟ್ ಬಹುಮಟ್ಟಿಗೆ ನಿರುಪದ್ರವಿ. ಗಿಡಗಳು ಹೀರಿಕೊಳ್ಳುತ್ತವೆ, ಉಳಿದದ್ದು ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಹೋಗುತ್ತದೆ.

ಈ ಬ್ಯಾಕ್ಟೀರಿಯಗಳು ನೀರಿನಲ್ಲಿ ತೇಲಾಡುವುದು ತೀರಾ ಕಡಿಮೆ. ಸ್ಪಂಜಿನ ರಂಧ್ರಗಳಲ್ಲಿ, ಜಲ್ಲಿಯ ಮೇಲೆ, ಗಾಜಿನ ಮೈಗೆ ಲೋಳೆಯಾಗಿ ಅಂಟಿಕೊಂಡು ಬದುಕುತ್ತವೆ. ಚೆನ್ನಾಗಿ ಪಳಗಿದ ಫಿಲ್ಟರಿನ ಸ್ಪಂಜನ್ನು ಬಕೆಟ್ಟಿನಲ್ಲಿ ಒಮ್ಮೆ ಹಿಂಡಿ ನೋಡಿ: ಕಾಫಿ ಕಷಾಯದ ಬಣ್ಣದ ನೀರು ಇಳಿಯುತ್ತದೆ, ಮಳೆ ಬಿದ್ದ ತೋಟದ ಮಣ್ಣಿನ ವಾಸನೆ ಬರುತ್ತದೆ, ಸ್ಪಂಜು ಮಾತ್ರ ಕಂದಾಗಿಯೇ ಉಳಿಯುತ್ತದೆ. ಹೀಗಾಗಿ ಹಳೆಯ ನೀರನ್ನು ಬಕೆಟ್ಟುಗಳಲ್ಲಿ ತುಂಬಿಟ್ಟುಕೊಂಡು ಬ್ಯಾಕ್ಟೀರಿಯ ಉಳಿಸಿದೆವೆಂದು ಸಮಾಧಾನಪಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ಉಳಿಸಬೇಕಾದದ್ದು ಆ ಕೊಳಕು ಸ್ಪಂಜು.

ಇದು ಗೊತ್ತಾದ ಬಗೆ ಹೇಳಲೇಬೇಕಾದಷ್ಟು ಸೊಗಸಾಗಿದೆ. 1877ರಲ್ಲಿ ಫ್ರಾನ್ಸಿನ ಷ್ಲೇಸಿಂಗ್ ಮತ್ತು ಮ್ಯೂಂಟ್ಸ್ ಎಂಬ ಇಬ್ಬರು ಉದ್ದನೆಯ ಗಾಜಿನ ಕೊಳವೆಯಲ್ಲಿ ಮರಳು ಮತ್ತು ಸುಣ್ಣದಕಲ್ಲಿನ ಪುಡಿ ತುಂಬಿ, ಮೇಲಿನಿಂದ ಚರಂಡಿ ನೀರನ್ನು ನಿಧಾನವಾಗಿ ಇಳಿಯಬಿಟ್ಟರು. ಸುಮಾರು ಇಪ್ಪತ್ತು ದಿನ ಅಮೋನಿಯ ಇದ್ದದ್ದು ಇದ್ದಂತೆಯೇ ಕೆಳಗೆ ಇಳಿಯಿತು. ಆಮೇಲೆ ಅದು ನೈಟ್ರೇಟ್ ಆಗಿ ಬರತೊಡಗಿತು. ಬರಿಯ ರಾಸಾಯನಿಕ ಕ್ರಿಯೆಯಾಗಿದ್ದರೆ ಮೊದಲ ದಿನವೇ ನಡೆಯಬೇಕಿತ್ತಲ್ಲ? ಅನುಮಾನ ಬಗೆಹರಿಸಲು ಕೊಳವೆಯೊಳಕ್ಕೆ ಕ್ಲೋರೊಫಾರ್ಮ್ ಆವಿ ಹಾಯಿಸಿದರು. ಕೆಲಸ ನಿಂತೇಹೋಯಿತು. ಕ್ಲೋರೊಫಾರ್ಮ್ ಹೋದ ಮೇಲೂ ತಾನಾಗಿ ಶುರುವಾಗಲಿಲ್ಲ. ಹಾಲಿಗೆ ಹೆಪ್ಪು ಹಾಕುವಂತೆ ಒಂದಿಷ್ಟು ತೋಟದ ಮಣ್ಣು ಕದಡಿದ ನೀರು ಹಾಕಿದಾಗ ಮತ್ತೆ ಹಿಡಿದುಕೊಂಡಿತು. ಅಲ್ಲಿ ಏನೋ ಜೀವವಿದೆ ಎಂಬುದು ಹೀಗೆ ಖಚಿತವಾಯಿತು. 1890ರ ಹೊತ್ತಿಗೆ ಜ್ಯೂರಿಕ್‌ನಲ್ಲಿದ್ದ ರಷ್ಯದ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿ ಆ ಜೀವಿಗಳನ್ನು ಬೇರ್ಪಡಿಸಿ ತೋರಿಸಿದರು.

ಆ ಕೊಳವೆಯನ್ನು ಇವತ್ತಿನ ಅಕ್ವೇರಿಯಂ ಫಿಲ್ಟರ್ ಎಂದೇ ಕರೆಯಬಹುದು. ಇಪ್ಪತ್ತು ದಿನ ಕಾಯುವುದು ಅದರಲ್ಲೇ ಇದೆ, ಕ್ಲೋರೊಫಾರ್ಮಿನ ಜಾಗದಲ್ಲಿ ನಮ್ಮ ಸೋಪು ಮತ್ತು ಬಿಸಿನೀರು ಇವೆ. ಸುಣ್ಣದಕಲ್ಲಿನ ಪುಡಿ ಯಾಕಿತ್ತು ಎಂಬುದು ನಮ್ಮ ಮಲೆನಾಡಿಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಅದಕ್ಕೆ ಮುಂದೆ ಬರುತ್ತೇನೆ.

ಸಂಶೋಧನೆ ಅಲ್ಲಿಗೆ ನಿಲ್ಲಲಿಲ್ಲ. ನೈಟ್ರೈಟ್ ತಿನ್ನುವುದು ನೈಟ್ರೊಬ್ಯಾಕ್ಟರ್ ಎಂದು ನೂರು ವರ್ಷ ಪಠ್ಯಪುಸ್ತಕಗಳು ಹೇಳಿದವು. ಸಿಹಿನೀರಿನ ಅಕ್ವೇರಿಯಂಗಳಲ್ಲಿ ಆ ಕೆಲಸ ಮಾಡುವುದು ನೈಟ್ರೊಸ್ಪೈರಾ ಎಂದು 1998ರಲ್ಲಿ ಅಮೆರಿಕದ ಟಿಮೊಥಿ ಹೊವನೆಕ್ ಮತ್ತು ಸಂಗಡಿಗರು ತೋರಿಸಿದರು. ಅಮೋನಿಯ ತಿನ್ನುವ ಆರ್ಕಿಯಾ ಎಂಬ ಬೇರೆಯದೇ ಕುಲದ ಸೂಕ್ಷ್ಮಜೀವಿ ಮೊದಲು ಕೈಗೆ ಸಿಕ್ಕಿದ್ದು 2005ರಲ್ಲಿ, ಸಿಯಾಟಲ್ ನಗರದ ಸಾರ್ವಜನಿಕ ಅಕ್ವೇರಿಯಮಿನ ಒಂದು ತೊಟ್ಟಿಯಲ್ಲಿ. 2015ರಲ್ಲಿ ಅಮೋನಿಯದಿಂದ ನೈಟ್ರೇಟ್‌ವರೆಗಿನ ಎರಡೂ ಕೆಲಸವನ್ನು ಒಬ್ಬಂಟಿಯಾಗಿ ಮಾಡುವ ನೈಟ್ರೊಸ್ಪೈರಾ ಇದೆಯೆಂದು ಎರಡು ತಂಡಗಳು ಪ್ರಕಟಿಸಿದವು. ಅದರಲ್ಲಿ ಡಚ್ ತಂಡದವರಿಗೆ ಅದು ದೊರಕಿದ್ದು ಮೀನು ಸಾಕಣೆ ಘಟಕದ ಫಿಲ್ಟರಿನಲ್ಲಿ. ಮನೆಮೂಲೆಯಲ್ಲಿ ಗುಳುಗುಳು ಎನ್ನುತ್ತಿರುವ ಪೆಟ್ಟಿಗೆಗೆ ವಿಜ್ಞಾನದಲ್ಲಿ ಇಷ್ಟು ದೊಡ್ಡ ಸ್ಥಾನವಿದೆ ಎಂಬುದು ನನಗೆ ತುಂಬ ಸಂತೋಷ ಕೊಡುವ ಸಂಗತಿ. ವ್ಯವಹಾರದ ಪಾಠವೂ ಒಂದಿದೆ: ಅಂಗಡಿಯಲ್ಲಿ ಸಿಗುವ ಬ್ಯಾಕ್ಟೀರಿಯದ ಬಾಟಲಿಗಳಲ್ಲಿ ಎಷ್ಟೋ ಬಾರಿ ಇರುವುದು ಬ್ಯಾಸಿಲಸ್ ಜಾತಿಯವು. ಅವು ಬೀಜಕಣ ಕಟ್ಟಿಕೊಂಡು ಬಾಟಲಿಯಲ್ಲಿ ವರ್ಷಗಟ್ಟಲೆ ಇರಬಲ್ಲವು, ಕಸ ಕೊಳೆಸಬಲ್ಲವು. ಅಮೋನಿಯ ತಿನ್ನುವ ನಮ್ಮ ಗುಂಪು ಅವಲ್ಲ. ನಮ್ಮವಕ್ಕೆ ಬೀಜಕಣ ಕಟ್ಟುವ ಶಕ್ತಿ ಇಲ್ಲ.

ಬೀಜಕಣ ಇಲ್ಲ ಎಂದರೆ ಒಣಗಿದರೆ ಮುಗಿಯಿತು ಎಂದರ್ಥ. ಬೆಳವಣಿಗೆಯೂ ಬಲು ನಿಧಾನ. ಅನುಕೂಲ ಸಿಕ್ಕರೆ ಇಪ್ಪತ್ತು ನಿಮಿಷಕ್ಕೆ ದುಪ್ಪಟ್ಟಾಗುವ ಬ್ಯಾಕ್ಟೀರಿಯ ನಮ್ಮ ಕರುಳಿನಲ್ಲೇ ಇವೆ. ನೈಟ್ರೊಸೊಮೊನಾಸ್ ದುಪ್ಪಟ್ಟಾಗಲು ಎಷ್ಟೋ ಗಂಟೆ ಬೇಕು, ತಂಪಿನಲ್ಲಿ ಒಂದು ದಿನಕ್ಕೂ ಮೇಲೆ. ಹೊಸ ತೊಟ್ಟಿ ಪಳಗಲು ಮೂರರಿಂದ ಆರು ವಾರ ಹಿಡಿಯುವುದು ಇದಕ್ಕೇ. ಆದರೆ ಇದೇ ನಿಧಾನಗತಿಯ ಜೀವಿಗಳು ಹಸಿವನ್ನು ಮಾತ್ರ ಅಸಾಧಾರಣವಾಗಿ ತಡೆದುಕೊಳ್ಳುತ್ತವೆ. ಅಮೋನಿಯವೇ ಇಲ್ಲದೆ ವಾರಗಟ್ಟಲೆ, ತಿಂಗಳುಗಟ್ಟಲೆ ಇಟ್ಟು, ಮತ್ತೆ ಕೊಟ್ಟಾಗ ಕೆಲಸಕ್ಕೆ ಇಳಿದ ಉದಾಹರಣೆಗಳು ಪ್ರಯೋಗಾಲಯಗಳಲ್ಲಿ ದಾಖಲಾಗಿವೆ. ಮೀನು ಇಲ್ಲದ ತೊಟ್ಟಿಯಲ್ಲಿ ಬ್ಯಾಕ್ಟೀರಿಯ ಎರಡೇ ದಿನಕ್ಕೆ ಉಪವಾಸ ಬಿದ್ದು ಸಾಯುತ್ತದೆ ಎಂಬ ಮಾತು ಅಂಗಡಿಗಳಲ್ಲಿ ಚಾಲ್ತಿಯಲ್ಲಿದೆ, ಅದು ಸುಳ್ಳು. ಹಸಿದಾಗ ಅವುಗಳ ಸಂಖ್ಯೆ ಇಳಿಯುತ್ತದೆ, ಚಟುವಟಿಕೆ ಕುಗ್ಗುತ್ತದೆ, ಬೇರು ಉಳಿದಿರುತ್ತದೆ. ಅವನ್ನು ಕೊಲ್ಲುವುದು ಒಣಗುವಿಕೆ, ಕ್ಲೋರಿನ್, ಬಿಸಿನೀರು, ಗಾಳಿಯಾಡದೆ ಕೊಳೆತ ಫಿಲ್ಟರ್. ಹುಳಿ ನೀರು ಕೊಲ್ಲದಿದ್ದರೂ ಕೈಕಟ್ಟಿ ಕೂರಿಸುತ್ತದೆ. ಖಾಲಿ ತೊಟ್ಟಿಯ ಒಡೆಯರು ಊಟದ ಚಿಂತೆಗಿಂತ ಮೊದಲು ಇವುಗಳ ಚಿಂತೆ ಮಾಡಬೇಕು.

ಅಂದರೆ ಮೀನು ಹೋದ ಮೇಲೂ ತೊಟ್ಟಿಯನ್ನು ತುಂಬಿದಂತೆಯೇ ಬಿಡಿ, ಫಿಲ್ಟರ್ ಓಡುತ್ತಿರಲಿ. ಕೋಣೆಯಲ್ಲಿ ಜಾಗ ಬೇಕಾಗಿದೆ ಎನ್ನುವವರು ಸ್ಪಂಜನ್ನೂ ಒಂದೆರಡು ಹಿಡಿ ಜಲ್ಲಿಯನ್ನೂ ಒಂದು ಪ್ಲಾಸ್ಟಿಕ್ ಟಬ್ಬಿಗೆ ಹಾಕಿ, ಅದೇ ತೊಟ್ಟಿಯ ನೀರು ತುಂಬಿ, ಏರ್ ಪಂಪಿನ ಒಂದು ಕೊಳವೆ ಇಳಿಬಿಟ್ಟು ಮೂಲೆಯಲ್ಲಿಟ್ಟರೂ ನಡೆಯುತ್ತದೆ. ಸ್ಪಂಜು ತೊಳೆಯಬೇಕೆನಿಸಿದರೆ ತೊಟ್ಟಿಯಿಂದ ತೆಗೆದ ನೀರಲ್ಲೇ ಜಾಲಿಸಿ. ಚಿಕ್ಕಮಗಳೂರು ಪಟ್ಟಣದವರು ಇದನ್ನು ಮುಖ್ಯವಾಗಿ ನೆನಪಿಡಬೇಕು. ಹಿರೇಕೊಳಲೆ ಕೆರೆಯಿಂದಲೋ ಯಗಚಿಯಿಂದಲೋ ಬರುವ ನಲ್ಲಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ನಮಗೆ ಕಾಯಿಲೆ ತರುವ ಬ್ಯಾಕ್ಟೀರಿಯವನ್ನು ಕೊಲ್ಲಲು ಹಾಕಿದ ಕ್ಲೋರಿನ್ ಸ್ಪಂಜಿನೊಳಗಿನ ಬ್ಯಾಕ್ಟೀರಿಯಕ್ಕೆ ವಿನಾಯಿತಿ ಕೊಡುವುದಿಲ್ಲ.

ತೋಟದ ಮನೆಗಳಿಗೆ ಆ ತೊಂದರೆ ಇಲ್ಲ. ಅಬ್ಬಿ ನೀರೋ ಬಾವಿ ನೀರೋ ಬರುತ್ತದೆ. ಅಲ್ಲಿನ ತೊಂದರೆ ಕರೆಂಟು. ಆಷಾಢದ ಗಾಳಿಗೆ ಸಿಲ್ವರ್ ಮರದ ಕೊಂಬೆ ತಂತಿಯ ಮೇಲೆ ಬಿದ್ದರೆ ಕಳಸ, ಬಾಳೂರು, ಕೊಟ್ಟಿಗೆಹಾರದ ಕಡೆ ದಿನಗಟ್ಟಲೆ ಕತ್ತಲೆ. 2019ರ ಆಗಸ್ಟಿನಲ್ಲಿ ಮಲೆಮನೆ, ಮಧುಗುಂಡಿಯ ಕಡೆ ಗುಡ್ಡ ಜರಿದಾಗ ಜನ ಮನೆಯನ್ನೇ ಕಳೆದುಕೊಂಡರು. ಅಂಥ ಹೊತ್ತಿನಲ್ಲಿ ಫಿಶ್ ಟ್ಯಾಂಕಿನ ಮಾತು ಯಾರೂ ಆಡುವುದಿಲ್ಲ, ಆಡಬೇಕಾಗಿಯೂ ಇಲ್ಲ. ಪ್ರತಿ ಮಳೆಗಾಲದ ಮಾಮೂಲಿ ಕರೆಂಟು ಕಡಿತಕ್ಕೆ ಮಾತ್ರ ಒಂದಿಷ್ಟು ಸಿದ್ಧತೆ ಮಾಡಿಕೊಳ್ಳಬಹುದು.

ಒಂದು ಮಿಲಿಗ್ರಾಂ ಅಮೋನಿಯ ಸಾರಜನಕವನ್ನು ನೈಟ್ರೇಟ್ ಮಾಡಲು ಈ ಬ್ಯಾಕ್ಟೀರಿಯಗಳಿಗೆ ಸುಮಾರು 4.6 ಮಿಲಿಗ್ರಾಂ ಆಮ್ಲಜನಕ ಬೇಕು. ಅಷ್ಟು ಉಸಿರಿನ ಹಸಿವು ಇರುವವು. ಮುಚ್ಚಿದ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರಿನಲ್ಲಿ ನೀರು ನಿಂತರೆ ಒಳಗಿನ ಆಮ್ಲಜನಕ ಕೆಲವೇ ಗಂಟೆಗಳಲ್ಲಿ ತೀರುತ್ತದೆ. ಮೊದಲು ಅವು ಕೆಲಸ ನಿಲ್ಲಿಸಿ ಸುಮ್ಮನಿರುತ್ತವೆ. ತೊಂದರೆ ಆಮೇಲಿನದು. ಡಬ್ಬಿಯೊಳಗಿನ ಕಸ ಗಾಳಿಯಿಲ್ಲದೆ ಕೊಳೆಯುತ್ತದೆ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಅದು ಬ್ಯಾಕ್ಟೀರಿಯಕ್ಕೂ ವಿಷ, ಮೀನಿಗೂ ವಿಷ. ಒಂದು ದಿನ ನಿಂತಿದ್ದ ಕ್ಯಾನಿಸ್ಟರನ್ನು ಕರೆಂಟು ಬಂದ ಖುಷಿಯಲ್ಲಿ ಹಾಗೇ ಚಾಲೂ ಮಾಡಿದರೆ ಆ ಗಲೀಜೆಲ್ಲ ತೊಟ್ಟಿಗೆ ಸುರಿಯುತ್ತದೆ. ಬಿಚ್ಚಿ, ಒಳಗಿನ ನೀರು ಚೆಲ್ಲಿ, ಸ್ಪಂಜನ್ನು ತೊಟ್ಟಿಯ ನೀರಲ್ಲಿ ಜಾಲಿಸಿ ಮತ್ತೆ ಜೋಡಿಸಬೇಕು.

ಕರೆಂಟು ಹೋಗಿ ಒಂದೆರಡು ಗಂಟೆಯಾದರೂ ಬರುವ ಲಕ್ಷಣ ಕಾಣದಿದ್ದರೆ ಸ್ಪಂಜನ್ನು ಡಬ್ಬಿಯಿಂದ ತೆಗೆದು ತೊಟ್ಟಿಯ ನೀರಿನಲ್ಲೇ ತೇಲಿಬಿಡುವುದು ಒಳ್ಳೆಯದು. ಇನ್ವರ್ಟರ್ ಇರುವ ಮನೆಯಲ್ಲಿ ಐದು ವಾಟಿನೊಳಗಿನ ಏರ್ ಪಂಪು ಒಂದು ಹೊರೆಯೇ ಅಲ್ಲ. ಇಲ್ಲದವರಿಗೆ ಬ್ಯಾಟರಿ ಸೆಲ್ ಹಾಕಿ ಓಡಿಸುವ ಸಣ್ಣ ಏರ್ ಪಂಪುಗಳು ಸಿಗುತ್ತವೆ. ನನ್ನನ್ನು ಕೇಳಿದರೆ ಮಲೆನಾಡಿಗೆ ಗಾಳಿ ಊದಿ ಓಡಿಸುವ ಸಾದಾ ಸ್ಪಂಜು ಫಿಲ್ಟರನ್ನು ಮೀರಿದ್ದು ಇಲ್ಲ. ಅಗ್ಗದ್ದು, ಕೆಡಲು ಅದರಲ್ಲಿ ಏನೂ ಇಲ್ಲ, ಪಂಪು ನಿಂತರೂ ಸ್ಪಂಜು ತೊಟ್ಟಿಯ ತೆರೆದ ನೀರಿನಲ್ಲೇ ಇರುತ್ತದೆ.

ಇಲ್ಲಿಯವರೆಗಿನದು ಉಸಿರಿನ ಮಾತು. ಇನ್ನು ಊಟ. ಒಂದೆರಡು ವಾರದ ಖಾಲಿಗೆ ಏನೂ ಬೇಡ. ದಸರಾವರೆಗೆ ತಿಂಗಳುಗಟ್ಟಲೆ ಎಂದಾದರೆ ಸ್ವಲ್ಪ ಸ್ವಲ್ಪ ಅಮೋನಿಯ ಒದಗಿಸಿದರೆ ಬ್ಯಾಕ್ಟೀರಿಯ ಸಂಖ್ಯೆ ಕುಗ್ಗುವುದಿಲ್ಲ. ಅತ್ಯಂತ ಸುಲಭದ್ದು, ಮೀನು ಇದ್ದಾಗ ಹಾಕುತ್ತಿದ್ದ ಆಹಾರವನ್ನೇ ಎರಡು ಮೂರು ದಿನಕ್ಕೊಮ್ಮೆ ಒಂದು ಚಿಟಿಕೆ ಹಾಕುವುದು. ಅದು ಕೊಳೆತು ಅಮೋನಿಯವಾಗುತ್ತದೆ. ಚೊಕ್ಕವಾಗಿ ಮಾಡಬೇಕೆನ್ನುವವರಿಗೆ ಅಮೋನಿಯಂ ಕ್ಲೋರೈಡ್ ಇದೆ, ಅಂದರೆ ನವಸಾಗರ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಬೆಂಕಿಯ ಮೇಲಿನ ಪಾತ್ರೆಗೆ ಉದುರಿಸಿ ಬಿಳಿ ಹೊಗೆ ಎಬ್ಬಿಸುತ್ತಿದ್ದರಲ್ಲ, ಅದೇ. ಕಲಾಯಿಯವರ ನವಸಾಗರದಲ್ಲಿ ಬೇರೆ ಲೋಹದ ಅಂಶ ಬೆರೆತಿರಬಹುದು, ಹಾಗಾಗಿ ಕಾಲೇಜುಗಳಿಗೆ ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಿಂದ ಶುದ್ಧವಾದದ್ದನ್ನು ತರಿಸಿ. ಹತ್ತು ಗ್ರಾಂ ತೂಗಿ ಒಂದು ಲೀಟರ್ ನೀರಿನಲ್ಲಿ ಕರಗಿಸಿಟ್ಟುಕೊಂಡರೆ, ಅದರ 30 ಮಿಲಿ ಲೀಟರ್ ನೂರು ಲೀಟರಿನ ತೊಟ್ಟಿಯಲ್ಲಿ ಲೀಟರಿಗೆ ಸುಮಾರು ಒಂದು ಮಿಲಿಗ್ರಾಂ ಅಮೋನಿಯ ಕೊಡುತ್ತದೆ. ವಾರಕ್ಕೆ ಒಂದೆರಡು ಸಲ ಅಷ್ಟು ಹಾಕಿದರೆ ಧಾರಾಳವಾಯಿತು. ಮೀನು ಇರುವಾಗ ಮಾತ್ರ ಇದನ್ನು ಮುಟ್ಟಲೇಬಾರದು.

ತೋಟದ ಸ್ಟೋರಿನಲ್ಲಿ ಯೂರಿಯಾ ಮೂಟೆ ಇದೆಯಲ್ಲ, ಒಂದು ಚಿಟಿಕೆ ಅದನ್ನೇ ಹಾಕಬಾರದೇ ಎಂದು ಕೇಳುವವರಿದ್ದಾರೆ. ಹಾಕಬಾರದು, ಮತ್ತು ಅದರ ಕಾರಣ ಬಹಳ ಸ್ವಾರಸ್ಯದ್ದು. 2015ರಿಂದ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನ ಲೇಪನ ಕಡ್ಡಾಯವಾಗಿದೆ. ಆ ಲೇಪನದ ಒಂದು ಮುಖ್ಯ ಉದ್ದೇಶವೇ ಮಣ್ಣಿನಲ್ಲಿರುವ ಇದೇ ಬ್ಯಾಕ್ಟೀರಿಯಗಳ ಕೈ ಹಿಡಿದು ನಿಲ್ಲಿಸುವುದು. ತೋಟಕ್ಕೆ ಹಾಕಿದ ಯೂರಿಯಾ ಮೊದಲು ಅಮೋನಿಯಂ ಆಗುತ್ತದೆ. ಅದು ಮಣ್ಣಿನ ಕಣಕ್ಕೆ ಅಂಟಿಕೊಂಡು ಕೂರುತ್ತದೆ. ಈ ಬ್ಯಾಕ್ಟೀರಿಯಗಳು ಅದನ್ನು ನೈಟ್ರೇಟ್ ಮಾಡಿದರೆ ಅಂಟು ಬಿಟ್ಟು, ಮಳೆ ನೀರಿನ ಜೊತೆ ಇಳಿದು ಹಳ್ಳ ಸೇರುತ್ತದೆ. ನಮ್ಮ ಮಳೆಯಲ್ಲಿ ಎಷ್ಟು ಗೊಬ್ಬರ ಹಾಗೆ ಹೋಗುತ್ತದೆಂಬುದು ಬೆಳೆಗಾರರಿಗೆ ಹೇಳಿಕೊಡಬೇಕಾಗಿಲ್ಲ. ಬೇವಿನಲ್ಲಿರುವ ಅಂಶಗಳು ಆ ಪರಿವರ್ತನೆಯನ್ನು ನಿಧಾನಿಸುತ್ತವೆ. ತೋಟದಲ್ಲಿ ತಡೆಯಬೇಕಾದವರನ್ನು ನಾವು ತೊಟ್ಟಿಯಲ್ಲಿ ಸಾಕಬೇಕಾಗಿದೆ. ತಡೆಯಲೆಂದೇ ಮಾಡಿದ ಪದಾರ್ಥವನ್ನು ಅವಕ್ಕೆ ಉಣಿಸುವುದು ಹೇಗೆ?

ಕಾಫಿ ತೋಟದವರಿಗೆ ಇವುಗಳ ಇನ್ನೊಂದು ಗುಣವೂ ಗೊತ್ತು, ಹೆಸರು ಗೊತ್ತಿಲ್ಲದಿದ್ದರೂ ಸರಿ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರ ದಶಕಗಳಿಂದ ಹೇಳಿಕೊಂಡು ಬಂದಿರುವುದು: ಮಣ್ಣು ಪರೀಕ್ಷೆ ಮಾಡಿಸಿ, ಹುಳಿಯಾಗಿದ್ದರೆ ಸುಣ್ಣ ಹಾಕಿ. ಮಣ್ಣು ಹುಳಿಯಾಗಲು ನಮ್ಮ ಮಳೆ ಒಂದು ಕಾರಣ, ಅಮೋನಿಯ ಗೊಬ್ಬರ ಇನ್ನೊಂದು. ಅಮೋನಿಯಂ ನೈಟ್ರೇಟ್ ಆಗುವಾಗ ಆಮ್ಲ ಬಿಡುಗಡೆಯಾಗುತ್ತದೆ. ತೋಟದಲ್ಲಿ ವರ್ಷಗಟ್ಟಲೆ ನಡೆಯುವುದು ಗಾಜಿನ ತೊಟ್ಟಿಯಲ್ಲಿ ವಾರಗಳಲ್ಲಿ ನಡೆಯುತ್ತದೆ. ನಮ್ಮ ಕಡೆಯ ಸಾವುಗಳಲ್ಲಿ ಹೆಚ್ಚಿನವಕ್ಕೆ ಮೂಲ ಇಲ್ಲಿದೆ ಎಂದು ನನ್ನ ದೃಢ ಅಭಿಪ್ರಾಯ.

ಹೇಗೆಂದರೆ, ಒಂದು ಮಿಲಿಗ್ರಾಂ ಅಮೋನಿಯ ಸಾರಜನಕವನ್ನು ನೈಟ್ರೇಟ್ ಮಾಡುವಾಗ ನೀರಿನ ಕ್ಷಾರತೆ ಸುಮಾರು ಏಳು ಮಿಲಿಗ್ರಾಂ ಖರ್ಚಾಗುತ್ತದೆ. ಕ್ಷಾರತೆ ಎಂದರೆ ಆಮ್ಲವನ್ನು ನುಂಗಿಕೊಂಡು ನೀರಿನ ಪಿಎಚ್ ಕುಸಿಯದಂತೆ ಹಿಡಿದಿಡುವ ದಾಸ್ತಾನು. ಬಯಲುಸೀಮೆಯ ಗಡಸು ನೀರಿನಲ್ಲಿ ಅದು ಬೇಕಾದಷ್ಟಿರುತ್ತದೆ, ಕಡೂರಿನ ಬೋರ್‌ವೆಲ್ ನೀರಿನ ತೊಟ್ಟಿಗೆ ಈ ಚಿಂತೆಯೇ ಬರಲಿಕ್ಕಿಲ್ಲ. ಅಬ್ಬಿ ನೀರು ಬಂಡೆಯಿಂದ ಬಂದರೂ ಮಳೆ ನೀರಿನಷ್ಟೇ ಮೆದು. ಲೀಟರಿಗೆ ಇಪ್ಪತ್ತು ಮೂವತ್ತು ಮಿಲಿಗ್ರಾಮಿನಷ್ಟೇ ಕ್ಷಾರತೆ ಇರುವ ನೀರಾದರೆ, ನಾಲ್ಕು ಮಿಲಿಗ್ರಾಂ ಅಮೋನಿಯ ಸಾರಜನಕವನ್ನು ಜೀರ್ಣಿಸುವಷ್ಟರಲ್ಲಿ ದಾಸ್ತಾನು ಮುಗಿಯಿತು. ಪಿಎಚ್ ಆರಕ್ಕಿಂತ ಕೆಳಗೆ ಇಳಿಯುತ್ತದೆ. ಅಲ್ಲಿಗೆ ಬ್ಯಾಕ್ಟೀರಿಯದ ಕೆಲಸ ಹೆಚ್ಚುಕಡಿಮೆ ನಿಲ್ಲುತ್ತದೆ.

ಇಲ್ಲಿಂದ ಮುಂದಿನದು ಕಣ್ಣಿಗೆ ಕಾಣದ ಅಪಾಯ. ಕೆಲಸ ನಿಂತರೂ ಅಮೋನಿಯ ಬರುತ್ತಲೇ ಇರುತ್ತದೆ, ಆದರೆ ಹುಳಿ ನೀರಿನಲ್ಲಿ ಅದು ಬಹುಪಾಲು ನಿರುಪದ್ರವಿ ಅಮೋನಿಯಂ ರೂಪದಲ್ಲಿರುವುದರಿಂದ ಮೀನುಗಳು ಆರಾಮಾಗಿಯೇ ಕಾಣುತ್ತವೆ. 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ ಏಳಿದ್ದಾಗ ಒಟ್ಟು ಅಮೋನಿಯದಲ್ಲಿ ವಿಷ ರೂಪದ್ದು ಶೇಕಡ 0.6ರಷ್ಟು, ಎಂಟಿದ್ದಾಗ ಶೇಕಡ 5ಕ್ಕೂ ಹೆಚ್ಚು. ಪಿಎಚ್ ಒಂದು ಅಂಕ ಏರಿದರೆ ವಿಷ ಹತ್ತಿರ ಹತ್ತಿರ ಹತ್ತು ಪಟ್ಟು. ಈಗ ಮನೆಯವರು ನೀರು ಹಳೆಯದಾಯಿತು ಎಂದು ಒಳ್ಳೆಯ ಮನಸ್ಸಿನಿಂದಲೇ ಮುಕ್ಕಾಲು ತೊಟ್ಟಿ ಖಾಲಿ ಮಾಡಿ, ಬೇಸಿಗೆಯಲ್ಲಿ ಅಬ್ಬಿ ಬತ್ತಿದ್ದರಿಂದ ಹೊಸ ಬೋರ್‌ವೆಲ್ಲಿನ ಗಡಸು ನೀರು ತುಂಬುತ್ತಾರೆ. ಪಿಎಚ್ ಒಮ್ಮೆಲೇ ಮೇಲೇರುತ್ತದೆ, ಉಳಿದ ಕಾಲು ಭಾಗದಲ್ಲಿದ್ದ ಅಮೋನಿಯಂ ವಿಷವಾಗುತ್ತದೆ, ಸಂಜೆಯೊಳಗೆ ಮೀನು ಸಾಯುತ್ತವೆ. ಬೋರ್ ನೀರಿನ ಮೇಲೆ ದೂರು ಬೀಳುತ್ತದೆ.

ಖಾಲಿ ತೊಟ್ಟಿಗೂ ಇದು ಅನ್ವಯಿಸುತ್ತದೆ. ತಿಂಗಳುಗಟ್ಟಲೆ ಚಿಟಿಕೆ ಚಿಟಿಕೆ ಆಹಾರ ಹಾಕಿ ನೀರು ಬದಲಿಸದೆ ಬಿಟ್ಟರೆ ಬ್ಯಾಕ್ಟೀರಿಯ ತಾವೇ ಮಾಡಿದ ಹುಳಿಯಲ್ಲಿ ಕೂತುಬಿಡುತ್ತವೆ. ಷ್ಲೇಸಿಂಗ್ ಮತ್ತು ಮ್ಯೂಂಟ್ಸ್ ಮರಳಿಗೆ ಸುಣ್ಣದಕಲ್ಲಿನ ಪುಡಿ ಬೆರೆಸಿದ್ದರ ಪ್ರಯೋಜನ ಇದೇ. ನಾವು ಮಾಡಬಹುದಾದದ್ದು: ಸಮುದ್ರದ ಚಿಪ್ಪುಗಳನ್ನು ಚೆನ್ನಾಗಿ ತೊಳೆದು ಕುಟ್ಟಿ, ಒಂದು ಹಿಡಿಯಷ್ಟನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಫಿಲ್ಟರಿನ ಬಳಿ ಇಡುವುದು. ನೀರು ಹುಳಿಯಾದಷ್ಟೂ ಚಿಪ್ಪು ಕರಗುತ್ತದೆ, ಸರಿಯಾದ ಮೇಲೆ ಕರಗುವುದು ತಾನೇ ನಿಧಾನವಾಗುತ್ತದೆ. ಆ ಹದ ಬೇರಾವ ಔಷಧಿಗೂ ಇಲ್ಲ. ತುರ್ತಿಗೆ ಅಡುಗೆ ಸೋಡ ಆಗುತ್ತದೆ. ನೂರು ಲೀಟರಿಗೆ ಐದು ಗ್ರಾಂ, ಅಂದರೆ ಒಂದು ಸಣ್ಣ ಚಮಚ ಹಾಕಿದರೆ ಲೀಟರಿಗೆ ಸುಮಾರು ಮೂವತ್ತು ಮಿಲಿಗ್ರಾಂ ಕ್ಷಾರತೆ ಹೆಚ್ಚುತ್ತದೆ. ಮೀನು ಇದ್ದರೆ ಸೋಡ ಹಾಕುವ ಮೊದಲು ಅಮೋನಿಯ ಪರೀಕ್ಷಿಸಿ, ಹಲವು ದಿನಗಳಲ್ಲಿ ಹಂಚಿ ಹಾಕಬೇಕು. ತೋಟಕ್ಕೆ ತಂದ ಸುಟ್ಟ ಸುಣ್ಣವನ್ನಂತೂ ತೊಟ್ಟಿಯ ಹತ್ತಿರ ತರಬೇಡಿ, ಪಿಎಚ್ ಗಗನಕ್ಕೇರುತ್ತದೆ.

ಚಳಿಯದು ಇದಕ್ಕಿಂತ ಸಣ್ಣ ವಿಷಯ. 25ರಿಂದ 30 ಡಿಗ್ರಿಯಲ್ಲಿ ಚುರುಕಾಗಿರುವ ಬ್ಯಾಕ್ಟೀರಿಯ ಹದಿನಾರು ಹದಿನೇಳು ಡಿಗ್ರಿಯಲ್ಲಿ ಅರ್ಧ ವೇಗಕ್ಕೆ ಇಳಿಯುತ್ತವೆ, ಸಾಯುವುದಿಲ್ಲ. ಕೊಯ್ಲಿನ ಕಾಲದ ಚಳಿಯಲ್ಲಿ ಒಮ್ಮೆಗೇ ಹೆಚ್ಚು ಮೀನು ಬಿಡಬೇಡಿ ಎಂದರೆ ಸಾಕು.

ಪಲ್ಪಿಂಗ್ ಮಾಡುವ ತೋಟದವರಿಗೆ ಒಂದು ಮಾತು ಸೇರಿಸಬೇಕು. ಪಲ್ಪರ್ ನೀರಿನ ಶುದ್ಧೀಕರಣಕ್ಕೆ ಸುಣ್ಣ ಹಾಕಿ ಹುಳಿ ತಗ್ಗಿಸಿ, ಗಾಳಿಯಿಲ್ಲದ ಹೊಂಡದಲ್ಲಿ ಸಗಣಿ ಕದಡಿ, ಆಮೇಲೆ ಗಾಳಿ ಊದುವ ಹೊಂಡಕ್ಕೆ ಬಿಡುವ ಕ್ರಮ ಇದೆಯಷ್ಟೆ. ಸಗಣಿಯಿಂದ ಬರುವುದು ಗೋಬರ್ ಗ್ಯಾಸಿನಲ್ಲಿರುವ ಗುಂಪಿನವು. ಅವಕ್ಕೆ ಗಾಳಿಯೇ ವಿಷ, ಮುಚ್ಚಿದ ಹೊಂಡದ ಕೆಸರಿನಲ್ಲಿ ಮುಂದಿನ ಕೊಯ್ಲಿನವರೆಗೆ ಸುಮ್ಮನೆ ಕಾಯಬಲ್ಲವು. ಆ ಅನುಭವದ ಮೇಲೆ, ಬ್ಯಾಕ್ಟೀರಿಯ ತಾನೇ, ಮುಚ್ಚಿಟ್ಟರೆ ಇರುತ್ತದೆ ಎಂದು ಅಕ್ವೇರಿಯಂ ಸ್ಪಂಜನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಇಡುವವರಿದ್ದಾರೆ. ಬೇಡ.

ಮೀನು ಕಾಯಿಲೆಯಿಂದ ಸತ್ತಿದ್ದರೆ ತೊಟ್ಟಿಯನ್ನು ಹಾಗೇ ಓಡಿಸುವುದು ಸರಿಯೇ? ಕಾಯಿಲೆ ಯಾವುದೆಂಬುದರ ಮೇಲೆ ಹೋಗುತ್ತದೆ. ಮೈಮೇಲೆ ಉಪ್ಪಿನ ಕಾಳಿನಂತೆ ಬಿಳಿಚುಕ್ಕೆ ಏಳುವ ರೋಗದ ಪರಾವಲಂಬಿಗೆ ಮೀನು ಸಿಗದಿದ್ದರೆ ಬದುಕಿಲ್ಲ. ಬೆಚ್ಚಗಿನ ನೀರಿನಲ್ಲಿ ತೊಟ್ಟಿ ಕೆಲವು ವಾರ ಖಾಲಿ ಓಡಿದರೆ ಅದು ತೊಲಗುತ್ತದೆ, ಬ್ಯಾಕ್ಟೀರಿಯ ಉಳಿಯುತ್ತದೆ. ಚಳಿಗಾಲದಲ್ಲಿ ಇನ್ನಷ್ಟು ಕಾಯಬೇಕು. ಮೀನು ತಿಂಗಳುಗಟ್ಟಲೆ ಸೊರಗಿ, ಬೆನ್ನು ಬಾಗಿ, ಹುಣ್ಣಾಗಿ ಸತ್ತಿದ್ದರೆ ಮೀನಿನ ಕ್ಷಯವಿರಬಹುದು. ಆಗ ಎಲ್ಲವನ್ನೂ ಬ್ಲೀಚಿಂಗ್ ಹಾಕಿ ತೊಳೆದು, ಸ್ಪಂಜು ಎಸೆದು ಹೊಸದಾಗಿ ಆರಂಭಿಸುವುದೇ ಸರಿ. ಮಿಥಿಲೀನ್ ಬ್ಲೂ ಎಂಬ ನೀಲಿ ಔಷಧಿಯನ್ನು ದೊಡ್ಡ ತೊಟ್ಟಿಗೆ ಸುರಿಯಬೇಡಿ, ಅದು ಫಿಲ್ಟರಿನ ಬ್ಯಾಕ್ಟೀರಿಯವನ್ನೂ ಹೊಡೆಯುತ್ತದೆ. ಕಾಯಿಲೆಯ ಮೀನನ್ನು ಬಕೆಟ್ಟಿಗೆ ಎತ್ತಿಕೊಂಡು ಅಲ್ಲಿ ಹಾಕಿ.

ತೊಟ್ಟಿ ಖಾಲಿ ಮಾಡುವಾಗ ಉಳಿದ ಮೀನನ್ನು ಹಳ್ಳಕ್ಕೆ ಬಿಟ್ಟು ಪುಣ್ಯ ಕಟ್ಟಿಕೊಂಡೆವೆಂದು ತಿಳಿಯುವವರೂ ಇದ್ದಾರೆ. ಇದಕ್ಕೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ನಮ್ಮ ಹಳ್ಳಗಳೆಲ್ಲ ಭದ್ರೆಗೋ ಹೇಮಾವತಿಗೋ ನೇತ್ರಾವತಿಗೋ ಇಳಿಯುತ್ತವೆ. ಪಶ್ಚಿಮಘಟ್ಟದಲ್ಲಿ ಬಿಟ್ಟರೆ ಪ್ರಪಂಚದ ಬೇರೆಲ್ಲೂ ಇಲ್ಲದ ಮೀನುಗಳು ಈ ನೀರುಗಳಲ್ಲಿವೆ. ಗಾಜು ನೆಕ್ಕುತ್ತದೆಂದು ತಂದ ಸಕ್ಕರ್ ಮೀನು ದಕ್ಷಿಣ ಭಾರತದ ಎಷ್ಟೋ ಕೆರೆ ಹೊಳೆಗಳಲ್ಲಿ ಬೇರೂರಿ ಕೂತಿದೆ. ಒಮ್ಮೆ ಹೊಕ್ಕ ಮೇಲೆ ಅದನ್ನು ತೆಗೆಯುವ ದಾರಿ ಯಾರ ಬಳಿಯೂ ಇಲ್ಲ. ಬೇಡವಾದ ಮೀನನ್ನು ಅಂಗಡಿಗೆ ಹಿಂತಿರುಗಿಸಿ, ಇಲ್ಲವೇ ತೊಟ್ಟಿ ಇರುವ ನೆಂಟರಿಗೆ ಕೊಡಿ.

ದಸರಾ ಬಂತು, ಹೊಸ ಮೀನು ತರಬೇಕು. ಬ್ಯಾಕ್ಟೀರಿಯ ಬದುಕಿದೆಯೇ ಎಂದು ತಿಳಿಯಲು ಹನಿ ಹಾಕಿ ಬಣ್ಣ ನೋಡುವ ಅಮೋನಿಯ ಮತ್ತು ನೈಟ್ರೈಟ್ ಕಿಟ್ ಬೇಕು. ಮೀನು ತರುವ ಎರಡು ದಿನ ಮೊದಲು ಸಂಜೆ, ಮೇಲೆ ಹೇಳಿದ ಲೆಕ್ಕದಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಬರುವಷ್ಟು ನವಸಾಗರ ಹಾಕಿ. ಮರುದಿನ ಸಂಜೆ ಅಮೋನಿಯವೂ ನೈಟ್ರೈಟೂ ಸೊನ್ನೆ ತೋರಿಸಿದರೆ ಫಿಲ್ಟರ್ ಸಿದ್ಧವಾಗಿದೆ. ಅಮೋನಿಯ ಸೊನ್ನೆಯಾಗಿ ನೈಟ್ರೈಟ್ ಉಳಿದಿದ್ದರೆ ಎರಡನೆಯ ಗುಂಪು ಹಿಂದೆ ಬಿದ್ದಿದೆ, ಇನ್ನೂ ಕೆಲವು ದಿನ ಕಾಯಬೇಕು. ಕಿಟ್ ಇಲ್ಲದವರು ಎರಡು ಮೂರು ಗಟ್ಟಿ ಮೀನು ಮಾತ್ರ ಬಿಟ್ಟು, ಆಹಾರ ಕಡಿಮೆ ಹಾಕಿ, ಎರಡು ವಾರ ನೋಡಿ ಉಳಿದವನ್ನು ತರಲಿ.

ಎಲ್ಲವನ್ನೂ ತೊಳೆದು ಒಣಗಿಸಿ ಅಟ್ಟಕ್ಕೆ ಏರಿಸಿಯಾಗಿದ್ದರೆ ಮತ್ತೆ ಆರು ವಾರ ಕಾಯಬೇಕಾಗಿಲ್ಲ. ಪರಿಚಯದವರ ಮನೆಯಲ್ಲಿ ಕಾಯಿಲೆಯಿಲ್ಲದ ಹಳೆಯ ತೊಟ್ಟಿ ಇದ್ದರೆ ಅದರ ಸ್ಪಂಜಿನ ಅರ್ಧ ಕೇಳಿ ತನ್ನಿ. ಕೊಡುವವರಿಗೆ ನಷ್ಟವಿಲ್ಲ, ಉಳಿದರ್ಧ ಅವರ ಮೀನುಗಳನ್ನು ನೋಡಿಕೊಂಡು ಕೆಲವೇ ವಾರಗಳಲ್ಲಿ ತುಂಬಿಕೊಳ್ಳುತ್ತದೆ. ತರುವಾಗ ಸ್ಪಂಜನ್ನು ನೀರು ತುಂಬಿದ ಮುಚ್ಚಿದ ಡಬ್ಬಿಯಲ್ಲಿ ಮುಳುಗಿಸಬೇಡಿ. ಹಿಂಡದೆ, ಸುರಿಯುವ ನೀರು ಸುರಿದುಹೋಗಲು ಬಿಟ್ಟು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಮುಚ್ಚಳ ಸಡಿಲವಿರುವ ಅಗಲ ಡಬ್ಬಿಯಲ್ಲಿಡಿ. ಒದ್ದೆ ಸ್ಪಂಜಿಗೆ ಗಾಳಿ ಸಿಗುವಷ್ಟು ಮುಳುಗಿದ ಸ್ಪಂಜಿಗೆ ಸಿಗುವುದಿಲ್ಲ. ಮೂಡಿಗೆರೆಯಿಂದ ಕಳಸದವರೆಗಿನ ದಾರಿಯೇನೂ ಅದಕ್ಕೆ ದೂರವಲ್ಲ. ನಡುವೆ ಊಟಕ್ಕೋ ದೇವಸ್ಥಾನಕ್ಕೋ ಇಳಿದರೆ ಡಬ್ಬಿಯನ್ನು ಬಿಸಿಲಿಗೆ ನಿಂತ ಕಾರಿನಲ್ಲಿ ಬಿಟ್ಟು ಹೋಗಬೇಡಿ, ನೆರಳಿಗೆ ಎತ್ತಿಟ್ಟುಕೊಳ್ಳಿ. ಮನೆ ಮುಟ್ಟಿದ ಕೂಡಲೇ ಕ್ಲೋರಿನ್ ಇಲ್ಲದ ನೀರಿಗೆ ಹಾಕಿ ಪಂಪು ಓಡಿಸಿ, ಅದೇ ಸಂಜೆ ಒಂದು ಚಿಟಿಕೆ ಮೀನಿನ ಆಹಾರ ಹಾಕಿ.